ಹೆಸರು ಬರೆದು ಎಂಟರ್ ಒತ್ತಿದರೂ ಪ್ರೋಗ್ರಾಂ ತೆರೆಯದಿದ್ದಾಗ: ತೋಟದ ಕಚೇರಿಯ ಹಳೆಯ ಕಂಪ್ಯೂಟರಿಗೊಂದು ದೋಷ ನಿವಾರಣೆ ಕೈಪಿಡಿ

ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆಯ ಕೆಲವು ಕಾಫಿ ತೋಟಗಳಲ್ಲಿ ಬಟವಾಡೆ ಲೆಕ್ಕ ಇಂದಿಗೂ ಕಪ್ಪು ಪರದೆಯ ಮೇಲೆಯೇ ನಡೆಯುತ್ತದೆ. ಇಲಿ ಹಿಡಿದು ಚಿತ್ರದ ಮೇಲೆ ಒತ್ತುವ ಕೆಲಸ ಅಲ್ಲಿಲ್ಲ. ತೋಟದ ಗುಮಾಸ್ತರಾದ ರೈಟರ್, ಪ್ರೋಗ್ರಾಂನ ಹೆಸರು ಬರೆಯುತ್ತಾರೆ, ಎಂಟರ್ ಒತ್ತುತ್ತಾರೆ, ಆಳುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಂದು ದಿನ ತೆರೆದುಕೊಳ್ಳುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಯಾರೋ ಒಬ್ಬರು ಬಂದು ‘ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತಾರೆ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಪರದೆಯ ಮೇಲೆ ಬಂದ ಒಂದು ಸಾಲನ್ನು ಯಾರೂ ಪೂರ್ತಿ ಓದಿರುವುದಿಲ್ಲ, ಅಷ್ಟೆ.

ಆ ಸಾಲು ಯಾವುದೆಂಬುದನ್ನು ಹಿಡಿದುಕೊಂಡೇ ಈ ಕೈಪಿಡಿ ಹೋಗುತ್ತದೆ. ಈ ಕಪ್ಪು ಪರದೆಯ ಹಿಂದೆ ನಿಂತು ಯಂತ್ರವನ್ನು ನಡೆಸುವ ಹಳೆಯ ಡಾಸ್ ಅತಿ ಕಡಿಮೆ ಮಾತಿನ ವ್ಯವಸ್ಥೆ. ಆದರೆ ಆಡಿದ ಮಾತನ್ನು ಲೆಕ್ಕ ಹಾಕಿಯೇ ಆಡುತ್ತದೆ. ಒಂದು ಅಕ್ಷರವನ್ನೂ ಬಿಡದೆ ಆ ಸಾಲನ್ನು ಕಾಗದದ ಮೇಲೆ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅರ್ಧ ಕೆಲಸ ಅಲ್ಲಿಗೆ ಮುಗಿದಂತೆ.

ಇಲ್ಲಿ ಹೇಳುವುದು ಎಂಎಸ್ ಡಾಸ್ 5ರಿಂದ 1994ರ 6.22ರವರೆಗಿನ ಯಂತ್ರಗಳಿಗೆ, ಮತ್ತು ಬಹುಮಟ್ಟಿಗೆ ವಿಂಡೋಸ್ 95, 98ರ ಡಾಸ್ ಪರದೆಗೂ ಹೊಂದುತ್ತದೆ. ಆಜ್ಞೆಗಳ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಆಯಾ ಇಂಗ್ಲಿಷ್ ಅಕ್ಷರವನ್ನು ಒತ್ತಬೇಕು. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಡಾಸ್‌ಗಿಲ್ಲ. ಉದಾಹರಣೆಗೆಂದು ಬಟವಾಡೆ ಪ್ರೋಗ್ರಾಂನ ಹೆಸರು ‘ಪಿಎವೈ’, ಅದಿರುವ ಡೈರೆಕ್ಟರಿಯ (ಇಂದಿನ ಮಾತಿನಲ್ಲಿ ಫೋಲ್ಡರಿನ) ಹೆಸರೂ ‘ಪಿಎವೈ’ ಎಂದು ಇಟ್ಟುಕೊಳ್ಳೋಣ.

ಎರಡು ಆಜ್ಞೆಗಳನ್ನು ಈ ಕೆಲಸದ ನಡುವೆ ಯಾರು ಹೇಳಿದರೂ ಬರೆಯಬೇಡಿ: ಒಂದು ಫಾರ್ಮ್ಯಾಟ್, ಇನ್ನೊಂದು ಎಫ್‌ಡಿಸ್ಕ್. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಬಿಡಬಲ್ಲ ಇವೆರಡೂ ಪ್ರೋಗ್ರಾಂ ತೆರೆಯದಿರುವ ದೋಷಕ್ಕೆ ಮೊದಲ ಮದ್ದಲ್ಲ.

ಪರದೆಯಲ್ಲಿ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಎಂದು ಬರುತ್ತಿದೆ

ಅತಿ ಹೆಚ್ಚು ಜನ ಹೆದರುವುದು ಇದಕ್ಕೆ, ಅತಿ ಕಡಿಮೆ ಹೆದರಬೇಕಾದದ್ದೂ ಇದಕ್ಕೇ. ಯಂತ್ರ ನಿಮ್ಮೊಡನೆ ಮಾತಾಡುತ್ತಿದೆ ಎಂದರೆ ವಿದ್ಯುತ್ತು, ಮೆಮೊರಿ, ಕೀಲಿಮಣೆ, ಡಾಸ್ ಇಷ್ಟೂ ಎದ್ದು ನಿಂತಿವೆ. ಈ ಸಾಲಿನ ಅರ್ಥ ಒಂದೇ: ನೀವು ಬರೆದ ಹೆಸರಿನದು ನಾನು ಹುಡುಕಿದ ಕಡೆ ಸಿಗಲಿಲ್ಲ.

ಅದು ಎಲ್ಲಿ ಹುಡುಕುತ್ತದೆ ಎಂಬುದು ಗೊತ್ತಿದ್ದರೆ ಉಳಿದದ್ದು ಸುಲಭ. ಊರಿಗೆ ಹೊಸಬನಾದ ಅಂಚೆಯವನು ಮೊದಲು ತಾನು ನಿಂತ ಬೀದಿಯಲ್ಲಿ ವಿಚಾರಿಸಿ, ಆಮೇಲೆ ಕೈಯಲ್ಲಿರುವ ಚೀಟಿಯ ಬೀದಿಗಳಿಗೆ ಮಾತ್ರ ಹೋಗಿ, ಅಲ್ಲೂ ಸಿಗದಿದ್ದರೆ ಪತ್ರ ವಾಪಸು ತರುವಂತೆ ಇದರ ರೀತಿ. ನೀವು ಬರೆದದ್ದು ಡಿಐಆರ್, ಸಿಡಿ, ಕಾಪಿ, ಟೈಪ್, ಸಿಎಲ್‌ಎಸ್ ಮುಂತಾದ ಒಳ ಆಜ್ಞೆಯೇ ಎಂದು ಮೊದಲು ನೋಡುತ್ತದೆ, ಅವು ಕಮಾಂಡ್.ಕಾಮ್ ಎಂಬ ಕಡತದ ಒಳಗೇ ಇವೆ. ಅಲ್ಲದಿದ್ದರೆ ನೀವು ಈಗ ಇರುವ ಡೈರೆಕ್ಟರಿಯಲ್ಲಿ ಆ ಹೆಸರಿನ, ಚುಕ್ಕೆಯ ಮುಂದೆ ‘ಕಾಮ್’ ಎಂಬ ಬಾಲವಿರುವ ಕಡತ, ಅದಿಲ್ಲದಿದ್ದರೆ ಇಎಕ್ಸ್‌ಇ, ಅದೂ ಇಲ್ಲದಿದ್ದರೆ ಬಿಎಟಿ. ಇಲ್ಲೆಲ್ಲೂ ಸಿಗದಿದ್ದರೆ ‘ಪಾತ್’ ಎಂಬ ಪಟ್ಟಿಯಲ್ಲಿರುವ ಡೈರೆಕ್ಟರಿಗಳಲ್ಲಿ ಅದೇ ಕ್ರಮದಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿಲ್ಲದ ಜಾಗದಲ್ಲಿ ಪ್ರೋಗ್ರಾಂ ಕಣ್ಣೆದುರೇ ಇದ್ದರೂ ಅದಕ್ಕೆ ಕಾಣುವುದಿಲ್ಲ.

ಈಗ ಪರೀಕ್ಷೆ, ಖರ್ಚಿಲ್ಲದ್ದರಿಂದ ಆರಂಭಿಸಿ.

ಬರೆದದ್ದನ್ನು ಮತ್ತೆ ನೋಡಿ. ಓ ಅಕ್ಷರದ ಬದಲು ಸೊನ್ನೆ, ಎಲ್ ಅಕ್ಷರದ ಬದಲು ಒಂದು, ಹೆಸರಿನ ನಡುವೆ ಒಂದು ಖಾಲಿ ಜಾಗ: ಈ ಮೂರರಲ್ಲೇ ಅನೇಕ ‘ಕೆಟ್ಟ ಕಂಪ್ಯೂಟರುಗಳು’ ಸರಿಹೋಗುತ್ತವೆ. ಎಫ್3 ಕೀಲಿ ಒತ್ತಿದರೆ ಹಿಂದೆ ಬರೆದ ಸಾಲು ಹಾಗೆಯೇ ಮರಳಿ ಬರುತ್ತದೆ, ತಪ್ಪಿದ್ದಷ್ಟನ್ನು ತಿದ್ದಬಹುದು.

ನೀವು ಎಲ್ಲಿದ್ದೀರಿ ನೋಡಿ. ಮಿನುಗುವ ಗೆರೆಯ ಎಡಕ್ಕೆ ‘ಸಿ:\>’ ಎಂದಷ್ಟೇ ಇದ್ದರೆ ನೀವು ಬೇರಿನಲ್ಲಿ, ಅಂದರೆ ಡಿಸ್ಕಿನ ಎಲ್ಲಕ್ಕೂ ಮೇಲಿನ ಡೈರೆಕ್ಟರಿಯಲ್ಲಿ ಇದ್ದೀರಿ, ಬಟವಾಡೆಯ ಡೈರೆಕ್ಟರಿಯಲ್ಲಿ ಅಲ್ಲ. ‘ಸಿಡಿ \ಪಿಎವೈ’ ಎಂದು ಬರೆದು ಎಂಟರ್ ಒತ್ತಿ, ಗೆರೆಯ ಎಡಭಾಗ ‘ಸಿ:\ಪಿಎವೈ>’ ಎಂದು ಬದಲಾದ ಮೇಲೆ ಪ್ರೋಗ್ರಾಂನ ಹೆಸರು ಬರೆಯಿರಿ. ಬಹಳ ಕಚೇರಿಗಳಲ್ಲಿ ಇಷ್ಟೇ ದೋಷ. ಹಿಂದಿನ ರೈಟರ್‌ಗೆ ಇದು ಕೈಯಭ್ಯಾಸವಾಗಿತ್ತು, ಹೊಸಬರಿಗೆ ಹೇಳಲು ಮರೆತು ನಿವೃತ್ತರಾದರು.

ಆ ಡೈರೆಕ್ಟರಿಯಲ್ಲಿ ಪ್ರೋಗ್ರಾಂ ನಿಜವಾಗಿ ಇದೆಯೇ ಎಂದು ‘ಡಿಐಆರ್ /ಪಿ’ ಬರೆದು ನೋಡಿ; ಒಂದು ಪರದೆ ತುಂಬಿದಾಗ ನಿಲ್ಲುತ್ತದೆ. ಹೆಸರು ಎಂಟು ಅಕ್ಷರದೊಳಗೆ, ಬಾಲ ಮೂರು ಅಕ್ಷರದೊಳಗೆ ಇರುತ್ತದೆ. ಕಾಮ್, ಇಎಕ್ಸ್‌ಇ, ಬಿಎಟಿ ಬಾಲದವು ಮಾತ್ರ ಹೆಸರು ಬರೆದರೆ ಓಡುತ್ತವೆ. ಡಿಬಿಎಫ್ ಎಂಬ ಬಾಲದ ಕಡತಗಳು ಕಂಡರೆ ಅವು ನಿಮ್ಮ ಲೆಕ್ಕ, ಪ್ರೋಗ್ರಾಂ ಅಲ್ಲ, ಅವನ್ನು ಮುಟ್ಟಬೇಡಿ. ಇಎಕ್ಸ್‌ಇ ಅಲ್ಲಿ ಇಲ್ಲದಿದ್ದರೆ ಇಡೀ ಡಿಸ್ಕಿನಲ್ಲಿ ಹುಡುಕಲು ‘ಡಿಐಆರ್ \ಪಿಎವೈ.* /ಎಸ್’ ಎಂದು ಬರೆಯಿರಿ. ಯಾರೋ ಬೇರೆಡೆಗೆ ಸರಿಸಿದ್ದರೆ ಇದು ಜಾಗದ ಸಮೇತ ತೋರಿಸುತ್ತದೆ. ಏನೂ ಸಿಗದಿದ್ದರೆ ಮಾತ್ರ ಪ್ರೋಗ್ರಾಂ ಅಳಿದಿರುವ ಅನುಮಾನಕ್ಕೆ ಎಡೆಯಿದೆ. ಹಾಗಾದಾಗ ಆ ಯಂತ್ರದಲ್ಲಿ ಹೊಸದೇನನ್ನೂ ಬರೆಯದೆ, ಹೊಸ ಕಡತ ಉಳಿಸದೆ ನಿಲ್ಲಿಸಿ. ಅಳಿದ ಕಡತದ ಮೈ ಡಿಸ್ಕಿನಲ್ಲಿ ಇನ್ನೂ ಇರುತ್ತದೆ. ಅದರ ಮೇಲೆ ಬೇರೆಯದು ಬರೆದರೆ ಮಾತ್ರ ಶಾಶ್ವತವಾಗಿ ಹೋಗುತ್ತದೆ.

ಡೈರೆಕ್ಟರಿಯೊಳಗೆ ಹೋದರೆ ಓಡುತ್ತದೆ, ಹೊರಗಿನಿಂದ ಬರೆದರೆ ಇಲ್ಲ, ನಿನ್ನೆಯವರೆಗೆ ಎಲ್ಲಿಂದ ಬರೆದರೂ ಓಡುತ್ತಿತ್ತು ಎಂದರೆ ಪಾತ್ ಪಟ್ಟಿ ಕೆಟ್ಟಿದೆ. ‘ಪಾತ್’ ಎಂದಷ್ಟೇ ಬರೆದು ಎಂಟರ್ ಒತ್ತಿದರೆ ಪಟ್ಟಿ ಕಾಣುತ್ತದೆ. ಅದರಲ್ಲಿ ‘ಸಿ:\ಪಿಎವೈ’ ಇಲ್ಲವೇ? ಇತ್ತೀಚೆಗೆ ಯಾರಾದರೂ ಹೊಸ ಸಾಫ್ಟ್‌ವೇರ್ ಹಾಕಿದ್ದರೆ ಅದು ಯಂತ್ರ ಏಳುವಾಗ ತಾನಾಗಿ ಓಡುವ ಆಟೋಎಕ್ಸೆಕ್.ಬಿಎಟಿ ಕಡತದಲ್ಲಿ ತನ್ನದೊಂದು ಪಾತ್ ಸಾಲು ಸೇರಿಸಿ ಹಳೆಯದನ್ನು ಮುಚ್ಚಿಹಾಕಿರುತ್ತದೆ. ಎರಡು ಸಾಲಿದ್ದರೆ ಕೊನೆಯದೇ ನಿಲ್ಲುವುದು. ಮೊದಲು ‘ಕಾಪಿ \ಆಟೋಎಕ್ಸೆಕ್.ಬಿಎಟಿ \ಆಟೋಎಕ್ಸೆಕ್.ಓಎಲ್‌ಡಿ’ ಎಂದು ಒಂದು ಪ್ರತಿ ಇಟ್ಟುಕೊಂಡು, ಆಮೇಲೆ ‘ಎಡಿಟ್ \ಆಟೋಎಕ್ಸೆಕ್.ಬಿಎಟಿ’ ತೆರೆದು, ಕೊನೆಯ ಪಾತ್ ಸಾಲಿನ ತುದಿಗೆ ಅರ್ಧವಿರಾಮ ಹಾಕಿ ‘ಸಿ:\ಪಿಎವೈ’ ಸೇರಿಸಿ. ಡಾಸ್‌ನ ಒಂದು ಸಾಲಿಗೆ 127 ಅಕ್ಷರಗಳ ಮಿತಿಯಿದೆ. ಅದನ್ನು ಮೀರಿದ್ದು ತುಂಡಾಗುತ್ತದೆ, ಯಾವ ದೂರೂ ಹೇಳದೆ. ಉಳಿಸಿ, ಯಂತ್ರವನ್ನು ಮತ್ತೆ ಶುರು ಮಾಡಿ.

ಬ್ಯಾಕ್‌ಸ್ಲ್ಯಾಶ್ ಕೀಲಿಯೇ ಕೆಲಸ ಮಾಡುತ್ತಿಲ್ಲ, ಅಥವಾ ಒತ್ತಿದ್ದು ಬೇರೆಯಾಗಿ ಬೀಳುತ್ತಿದೆ

ಮಲೆನಾಡಿನ ಮಳೆಗಾಲದಲ್ಲಿ ಮೊದಲು ಸೋಲುವುದು ಕೀಲಿಮಣೆ. ಅಪರೂಪಕ್ಕೆ ಒತ್ತುವ ಕೀಲಿಗಳ ಕೆಳಗೆ ತೇವ ಕುಳಿತು ಸಂಪರ್ಕ ಹಿಡಿಯುವುದಿಲ್ಲ. ಬ್ಯಾಕ್‌ಸ್ಲ್ಯಾಶ್ ಅಂಥ ಕೀಲಿ. ಸದ್ಯದ ಉಪಾಯ: ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಗಡೆಯ ಅಂಕಿಗಳ ಗುಂಪಿನಲ್ಲಿ 92 ಒತ್ತಿ ಬಿಡಿ, ಬ್ಯಾಕ್‌ಸ್ಲ್ಯಾಶ್ ಬೀಳುತ್ತದೆ. 58 ಒತ್ತಿದರೆ ಕೋಲನ್. ಬಟವಾಡೆ ಮುಗಿಸಿಕೊಳ್ಳಲು ಇಷ್ಟು ಸಾಕು.

ಎಲ್ಲ ಅಕ್ಷರಗಳೂ ಸರಿ, ಚಿಹ್ನೆಗಳು ಮಾತ್ರ ಅದಲುಬದಲು ಎಂದರೆ ಕೀಲಿಮಣೆ ಕೆಟ್ಟಿಲ್ಲ. ಬ್ರಿಟಿಷ್ ವಿನ್ಯಾಸ ಜಾರಿಯಾಗಿದೆ. ಆಟೋಎಕ್ಸೆಕ್.ಬಿಎಟಿಯಲ್ಲಿ ‘ಕೀಬ್ ಯುಕೆ’ ಎಂಬ ಸಾಲನ್ನು ಹುಡುಕಿ.

ಬೇರೆ ಕೀಲಿಮಣೆ ಚುಚ್ಚಿ ನೋಡುವುದಾದರೆ ಯಂತ್ರವನ್ನು ಬಂದ್ ಮಾಡಿ ಚುಚ್ಚಿ. ಈ ಕಾಲದ ದುಂಡು ಪಿನ್ನಿನ ಕೀಲಿಮಣೆಗಳನ್ನು ಚಾಲೂ ಇದ್ದಾಗ ಕಿತ್ತು ಹಾಕಿದರೆ ಮದರ್‌ಬೋರ್ಡಿನ ಸಣ್ಣ ಫ್ಯೂಸ್ ಹೋಗುವ ಸಾಧ್ಯತೆಯಿದೆ. ಆಮೇಲೆ ಯಾವ ಕೀಲಿಮಣೆಯೂ ನಡೆಯುವುದಿಲ್ಲ.

‘ಇನ್‌ವ್ಯಾಲಿಡ್ ಡೈರೆಕ್ಟರಿ’ ಅಥವಾ ‘ಇನ್‌ವ್ಯಾಲಿಡ್ ಡ್ರೈವ್ ಸ್ಪೆಸಿಫಿಕೇಶನ್’

ಮೊದಲನೆಯದು ಡೈರೆಕ್ಟರಿಯ ಹೆಸರು ತಪ್ಪು. ವಿಂಡೋಸ್ 98ರಲ್ಲಿ ಉದ್ದ ಹೆಸರಿಟ್ಟ ಡೈರೆಕ್ಟರಿಯು ಶುದ್ಧ ಡಾಸ್‌ನಲ್ಲಿ ಮೊದಲ ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕಿ ಎಂದು ಮೊಟಕಾಗಿ ಕಾಣುತ್ತದೆ, ಹಾಗೆಯೇ ಬರೆಯಿರಿ.

ಎರಡನೆಯದು ಡಿ ಡ್ರೈವಿಗೆ ಬಂದರೆ ಬಹುಶಃ ಅದು ಸಿಡಿ ಡ್ರೈವ್; ಡಾಸ್‌ನಲ್ಲಿ ಅದರ ಚಾಲಕ ಕಡತ ಜಾರಿಯಾಗಿಲ್ಲ. ಸಿ ಡ್ರೈವಿಗೇ ಬಂದರೆ ವಿಷಯ ಬೇರೆ. ‘1980’ ಎಂಬ ಭಾಗವನ್ನು ಓದಿ.

‘ಅಬಾರ್ಟ್, ರಿಟ್ರೈ, ಫೇಲ್?’ ಎಂದು ಕೇಳಿ ನಿಂತಿದೆ

ಈ ಪ್ರಶ್ನೆಯಲ್ಲ, ಇದರ ಮೇಲಿನ ಸಾಲು ಮುಖ್ಯ.

‘ನಾಟ್ ರೆಡಿ ರೀಡಿಂಗ್ ಡ್ರೈವ್ ಎ’ ಎಂದಿದ್ದರೆ ಫ್ಲಾಪಿ ಹಾಕಿಲ್ಲ ಅಥವಾ ಸರಿಯಾಗಿ ಕೂತಿಲ್ಲ. ಕೂರಿಸಿ ಆರ್ ಒತ್ತಿ. ಫ್ಲಾಪಿ ಬೇಡವೇ ಬೇಡ, ಸುಮ್ಮನೆ ಎ ಡ್ರೈವಿಗೆ ಹೋಗಿ ಸಿಕ್ಕಿಕೊಂಡಿದ್ದೀರಿ ಎಂದರೆ ಎಫ್ ಒತ್ತಿ, ಮುಂದೆ ಡ್ರೈವಿನ ಹೆಸರು ಕೇಳಿದಾಗ ‘ಸಿ:’ ಎಂದು ಬರೆಯಿರಿ.

‘ಜನರಲ್ ಫೇಲ್ಯೂರ್’, ‘ಡೇಟಾ ಎರರ್’, ‘ಸೆಕ್ಟರ್ ನಾಟ್ ಫೌಂಡ್’ ಎಂದಿದ್ದರೆ ಫ್ಲಾಪಿಯನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಮೂರೂವರೆ ಇಂಚಿನದಾದರೆ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ ಒಳಗಿನ ತಟ್ಟೆಯನ್ನು ನೋಡಬಹುದು. ಬಿಳಿ ಚುಕ್ಕೆ, ಬೂದಿಯಂಥ ಪದರ ಕಂಡರೆ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಬೀರುವಿನಲ್ಲಿಟ್ಟ ಫ್ಲಾಪಿಗೆ ಇದು ಹಿಡಿಯದಿದ್ದರೇ ಆಶ್ಚರ್ಯ. ಬೂಷ್ಟು ಹಿಡಿದದ್ದನ್ನು ಡ್ರೈವಿಗೆ ಹಾಕಲೇಬೇಡಿ. ಓದುವ ಹೆಡ್ಡಿಗೆ ಆ ಕೊಳೆ ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಗಳನ್ನೂ ಗೀರುತ್ತದೆ. ಹೀಗೆ ಒಂದು ಪೆಟ್ಟಿಗೆ ಫ್ಲಾಪಿಗಳನ್ನು ಒಂದೇ ಮಧ್ಯಾಹ್ನದಲ್ಲಿ ಹಾಳುಮಾಡಬಹುದು, ಪ್ರತಿಯೊಂದನ್ನೂ ‘ಇದಾದರೂ ಓದುತ್ತದೆಯೇ ನೋಡೋಣ’ ಎಂದು ಹಾಕುತ್ತಾ. ಶುದ್ಧವಾಗಿ ಕಾಣುವ ಫ್ಲಾಪಿಯಾದರೆ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ರಂಧ್ರ ತೆರೆದಿಡಿ. ಅದರ ಮೇಲೆ ಏನೂ ಬರೆಯಲಾಗದು. ಬೇರೊಂದು ಫ್ಲಾಪಿಯನ್ನು ಡ್ರೈವ್ ಓದಿದರೆ ಮೊದಲನೆಯದು ಕೆಟ್ಟಿದೆ, ಯಾವುದನ್ನೂ ಓದದಿದ್ದರೆ ಡ್ರೈವ್ ಕೊಳಕಾಗಿದೆ.

ಅದೇ ‘ಡೇಟಾ ಎರರ್’ ಸಾಲಿನ ಕೊನೆಯಲ್ಲಿ ‘ಡ್ರೈವ್ ಸಿ’ ಎಂದಿದ್ದರೆ ಇಲ್ಲಿಗೆ ನಿಲ್ಲಿಸಿ. ‘ಚೆಕ್‌ಡಿಸ್ಕ್’ ಆಜ್ಞೆಗೆ ‘/ಎಫ್’ ಸೇರಿಸಿ ಓಡಿಸುವುದು, ಸ್ಕ್ಯಾನ್‌ಡಿಸ್ಕ್‌ಗೆ ‘ಸರಿಪಡಿಸು’ ಎಂದು ಒಪ್ಪಿಗೆ ಕೊಡುವುದು ಈಗ ಬೇಡ. ಅವು ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತವೆ. ಡಿಸ್ಕು ಓದುವಷ್ಟು ಕಾಲ ಲೆಕ್ಕದ ಕಡತಗಳನ್ನು ಒಳ್ಳೆಯ ಫ್ಲಾಪಿಗೆ ನಕಲು ಮಾಡಿಕೊಳ್ಳಿ. ಡಿಸ್ಕು ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಅದೂ ಬೇಡ, ಆರಿಸಿಬಿಡಿ. ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಇರುವ ರಿಪೇರಿಯವರ ಬಳಿ ಒಯ್ದು ಪೂರ್ತಿ ನಕಲು ತೆಗೆಸುವುದೇ ದಾರಿ.

ಪ್ರೋಗ್ರಾಂ ತೆರೆದಂತೆ ಮಾಡಿ ಮರಳಿ ಬರುತ್ತಿದೆ

‘ಪ್ರೋಗ್ರಾಂ ಟೂ ಬಿಗ್ ಟು ಫಿಟ್ ಇನ್ ಮೆಮೊರಿ’ ಎಂಬುದನ್ನು ನೋಡಿ ಹೊಸ ರ‍್ಯಾಮ್ ಕೊಂಡವರಿದ್ದಾರೆ. ದುಡ್ಡು ದಂಡ. ಯಂತ್ರದಲ್ಲಿ 64 ಎಂಬಿ ಇದ್ದರೂ ಸಾಮಾನ್ಯ ಡಾಸ್ ಪ್ರೋಗ್ರಾಂ ನಿಲ್ಲುವುದು ಮೊದಲ 640 ಕೆಬಿಯಲ್ಲಿ. ಅದರಲ್ಲೇ ಡಾಸ್, ಮೌಸ್ ಚಾಲಕ, ಸಿಡಿ ಚಾಲಕ, ವೈರಸ್ ಕಾವಲು ಎಲ್ಲವೂ ಕುಳಿತಿರುತ್ತವೆ. ‘ಎಂಇಎಂ /ಸಿ /ಪಿ’ ಎಂದು ಬರೆದರೆ ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂಬ ಪಟ್ಟಿ ಬರುತ್ತದೆ.

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ: ಯಂತ್ರವನ್ನು ಮತ್ತೆ ಶುರು ಮಾಡಿ, ‘ಸ್ಟಾರ್ಟಿಂಗ್ ಎಂಎಸ್ ಡಾಸ್’ ಎಂಬ ಸಾಲು ಬಂದೊಡನೆ ಎಫ್5 ಒತ್ತಿ. ಡಾಸ್ 6ರಲ್ಲಿ ಹೀಗೆ ಮಾಡಿದರೆ ಆಟೋಎಕ್ಸೆಕ್.ಬಿಎಟಿ, ಕಾನ್ಫಿಗ್.ಸಿಸ್ ಎಂಬ ಎರಡೂ ಸಂರಚನಾ ಕಡತಗಳನ್ನು ಬದಿಗಿಟ್ಟು ಬರಿಯ ಡಾಸ್ ಏಳುತ್ತದೆ. ಈಗ ಬಟವಾಡೆ ತೆರೆದುಕೊಂಡರೆ ದೋಷ ಆ ಕಡತಗಳಲ್ಲಿದೆ ಎಂದು ಖಚಿತ. ಎಫ್5ರ ಬದಲು ಎಫ್8 ಒತ್ತಿದರೆ ಒಂದೊಂದು ಸಾಲಿಗೂ ‘ಹೌದೇ, ಅಲ್ಲವೇ’ ಎಂದು ಕೇಳುತ್ತದೆ. ಒಂದೊಂದನ್ನೇ ಬಿಟ್ಟು ನೋಡಿ ಕಳ್ಳನನ್ನು ಹಿಡಿಯಬಹುದು. ಕಾನ್ಫಿಗ್.ಸಿಸ್‌ನಲ್ಲಿ ಹೈಮೆಮ್.ಸಿಸ್ ಮತ್ತು ‘ಡಾಸ್=ಹೈ’ ಎಂಬ ಸಾಲುಗಳು ಇಲ್ಲದಿದ್ದರೆ ಸೇರಿಸಿ; ಡಾಸ್‌ನ ಬಹುಭಾಗ 640 ಕೆಬಿಯ ಹೊರಕ್ಕೆ ಸರಿಯುತ್ತದೆ.

ಕಡತ ತೆರೆಯಲಾಗದು, ಬಹಳ ಕಡತ ತೆರೆದಿದೆ ಎಂಬ ಅರ್ಥದ ಸಂದೇಶ ಬಂದರೆ ಕಾನ್ಫಿಗ್.ಸಿಸ್‌ನ ‘ಫೈಲ್ಸ್=’ ಸಾಲನ್ನು ನೋಡಿ. ಲೆಕ್ಕದ ಪ್ರೋಗ್ರಾಂಗಳು ಒಮ್ಮೆಗೆ ಹತ್ತಾರು ಕಡತ ತೆರೆಯುತ್ತವೆ; 40 ಇಟ್ಟರೆ ನೆಮ್ಮದಿ. ಇದೇ ಕಾರಣಕ್ಕೆ ಎಫ್5 ಪರೀಕ್ಷೆಯಲ್ಲೂ ಈ ಸಂದೇಶ ಬರಬಹುದು, ಗೊಂದಲಪಡಬೇಡಿ.

ಕರೆಂಟು ಹೋಗಿ ಬಂದ ಮೇಲೆ ಶುರುವಾದ ದೋಷವಾದರೆ, ಪ್ರೋಗ್ರಾಂ ತೆರೆದು ಪಟ್ಟಿಯ ಹೊತ್ತಿಗೆ ಬೀಳುತ್ತಿದ್ದರೆ, ಲೆಕ್ಕದಲ್ಲಿ ಬೇಗ ಹುಡುಕಲೆಂದು ಪ್ರೋಗ್ರಾಂ ಇಟ್ಟುಕೊಳ್ಳುವ ಇಂಡೆಕ್ಸ್ ಕಡತ ಕೆಟ್ಟಿರುವುದೇ ಹೆಚ್ಚು. ಬಹುತೇಕ ಲೆಕ್ಕದ ಪ್ರೋಗ್ರಾಂಗಳಲ್ಲಿ ‘ರೀಇಂಡೆಕ್ಸ್’ ಎಂಬ ಆಯ್ಕೆ ಇರುತ್ತದೆ. ಇಡೀ ಡೈರೆಕ್ಟರಿಯ ನಕಲು ತೆಗೆದುಕೊಂಡ ಮೇಲೆಯೇ ಅದನ್ನು ಒತ್ತಿ.

‘ರನ್‌ಟೈಮ್ ಎರರ್ 200’

ಹಳೆಯ ಯಂತ್ರದಲ್ಲಿ ಓಡುತ್ತಿದ್ದ ಪ್ರೋಗ್ರಾಂ ಅದಕ್ಕಿಂತ ಹೊಸ ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಶುರುವಿನಲ್ಲೇ ಹೀಗೆ ಹೇಳಿ ಬಿದ್ದರೆ ಯಂತ್ರಕ್ಕೆ ಏನೂ ಆಗಿಲ್ಲ. ಅದು ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ. ಶುರುವಾಗುವಾಗ ಯಂತ್ರದ ವೇಗವನ್ನು ಅಳೆದು ಒಂದು ಭಾಗಾಕಾರ ಮಾಡುತ್ತದೆ. ಪ್ರೊಸೆಸರ್ ಅತಿವೇಗದ್ದಾದರೆ ಉತ್ತರ ಅದಕ್ಕಿಟ್ಟ ಜಾಗದಲ್ಲಿ ಹಿಡಿಸುವುದಿಲ್ಲ. ಪ್ರೋಗ್ರಾಂ ಕಡತವನ್ನೇ ತಿದ್ದುವ ಸಣ್ಣ ಉಪಕರಣಗಳಿವೆ, ನಕಲಿನ ಮೇಲೆ ಪ್ರಯೋಗಿಸಬೇಕು. ಅಥವಾ ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ವೇಗ ತಗ್ಗಿಸಿ ಓಡಿಸಬಹುದು. 64 ಬಿಟ್ ವಿಂಡೋಸ್ ಈ ಕಾಲದ 16 ಬಿಟ್ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುವುದೇ ಇಲ್ಲ, ಆದ್ದರಿಂದ ಹೊಸ ಲ್ಯಾಪ್‌ಟಾಪಿಗೆ ಸುಮ್ಮನೆ ನಕಲು ಮಾಡಿ ಒದ್ದಾಡಬೇಡಿ.

ತಾರೀಖು 1980 ತೋರಿಸುತ್ತಿದೆ, ಅಥವಾ ಸಿ ಡ್ರೈವೇ ಕಾಣೆ

ಯಂತ್ರ ಎದ್ದೊಡನೆ ತಾರೀಖು ಕೇಳುತ್ತಾ 1980ರ ಜನವರಿ 1, ಮಂಗಳವಾರ ಎಂದು ತೋರಿಸಿದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ಡಾಸ್‌ನ ಲೆಕ್ಕ ಆರಂಭವಾಗುವ ದಿನ ಅದು. ಸದ್ಯಕ್ಕೆ ತಾರೀಖು ಬರೆದು ಮುಂದುವರಿಯಬಹುದು, ಆದರೆ ಅದು ಕೇಳುವುದು ತಿಂಗಳು ಮೊದಲು, ದಿನ ಆಮೇಲೆ. ಆಗಸ್ಟ್ 5ಕ್ಕೆ 8-5 ಎಂದು ಬರೆಯಬೇಕು. ಇದನ್ನು ತಿರುಗಿಸಿ ಬರೆದು ಮೇ ತಿಂಗಳ ಬಟವಾಡೆ ತೆರೆದು ಕುಳಿತರೆ ಆಳುಗಳಿಗೆ ಉತ್ತರ ಹೇಳುವುದು ನೀವೇ.

ಪೆಂಟಿಯಂಗೂ ಹಿಂದಿನ ಯಂತ್ರಗಳಲ್ಲಿ ಈ ಬ್ಯಾಟರಿ ಸತ್ತರೆ ಡಿಸ್ಕಿನ ಅಳತೆಯೂ ಮರೆತುಹೋಗುತ್ತದೆ. ಸಿ ಡ್ರೈವ್ ಇಲ್ಲ ಎಂದು ಹೇಳುವುದು ಇದಕ್ಕೇ. ಡಿಸ್ಕಿನ ಮೈಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳಿರುತ್ತವೆ. ಬಯಾಸ್ ಸೆಟಪ್‌ನಲ್ಲಿ (ಯಂತ್ರ ಏಳುವಾಗ ತೆರೆಯಬಹುದಾದ, ಅದರ ಮೂಲ ಹೊಂದಾಣಿಕೆಯ ಪರದೆ) ಹಿಂದೆ ಇದ್ದ ಅಂಕಿಗಳನ್ನೇ ಮತ್ತೆ ತುಂಬಿದರೆ ಡ್ರೈವ್ ಮರಳಿ ಬರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಆ ಪರದೆಯ ಫೋಟೋ ತೆಗೆದು ಡಬ್ಬದ ಮೇಲೆ ಅಂಟಿಸಿಡಿ.

ಬ್ಯಾಟರಿ ನಾಣ್ಯದಂತೆ ದುಂಡಗಿದ್ದರೆ ಅದು ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ, ಬದಲಿಸಿ. ಪುಟ್ಟ ಪೀಪಾಯಿಯಂಥ ಬ್ಯಾಟರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರೆ, ಸುತ್ತ ಹಸಿರು ಕಿಲುಬು ಕಂಡರೆ ಕೈ ಹಾಕಬೇಡಿ. ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ತಂತ್ರಜ್ಞರೇ ತೆಗೆಯಬೇಕು, ಅದೂ ಬೇಗ.

‘ನಾನ್ ಸಿಸ್ಟಮ್ ಡಿಸ್ಕ್’ ಅಥವಾ ‘ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್’

ಮೊದಲನೆಯದಕ್ಕೆ ಡ್ರೈವಿನಲ್ಲಿ ಮರೆತ ಫ್ಲಾಪಿ ಇದೆಯೇ ನೋಡಿ. ತೆಗೆದು ಯಾವುದಾದರೂ ಕೀಲಿ ಒತ್ತಿ. ಹೆಚ್ಚಿನ ಸಲ ಕಥೆ ಅಷ್ಟೇ.

ಎರಡನೆಯದಕ್ಕೆ ಕಮಾಂಡ್.ಕಾಮ್ ಕಡತ ಬೇರಿನಿಂದ ಅಳಿದಿದೆ ಅಥವಾ ಬೇರೆ ಆವೃತ್ತಿಯದು ಬಂದು ಕುಳಿತಿದೆ. ಅದೇ ಆವೃತ್ತಿಯ ಬೂಟ್ ಫ್ಲಾಪಿಯಿಂದ ಎಬ್ಬಿಸಿ ಆ ಕಡತವನ್ನು ನಕಲು ಮಾಡಬೇಕು. ಆವೃತ್ತಿ ಖಚಿತವಿಲ್ಲದ ಫ್ಲಾಪಿಯಿಂದ ‘ಎಸ್‌ವೈಎಸ್ ಸಿ:’ ಎಂದು ಓಡಿಸಬೇಡಿ.

ಪರದೆ ಕಪ್ಪು, ಏನೂ ಬರುತ್ತಿಲ್ಲ

ಮಾನಿಟರಿನ ದೀಪ, ಹಿಂಬದಿಯ ಕೇಬಲ್, ಗೋಡೆಯ ಸ್ವಿಚ್, ಸ್ಟೆಬಿಲೈಸರ್ ಇವು ನಿಮ್ಮ ಪಾಲು. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆ ಡಬ್ಬದ ಹಿಂದೆ ಕೆಂಪು ಸ್ವಿಚ್ಚಿದ್ದರೆ ಅದು 230ರಲ್ಲಿ ಇರಬೇಕು. 115ಕ್ಕೆ ತಿರುಗಿಸಿ ಚಾಲೂ ಮಾಡಿದರೆ ಸ್ಫೋಟದ ಸದ್ದು ಗ್ಯಾರಂಟಿ. ಎಸ್‌ಎಂಪಿಎಸ್ ಡಬ್ಬವನ್ನು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಹಳೆಯ ಟ್ಯೂಬಿನ ಮಾನಿಟರನ್ನು ಬಿಚ್ಚುವ ಮಾತೇ ಬೇಡ; ಬಣ್ಣದ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ, ಆರಿಸಿದ ಮೇಲೂ ನಿಂತಿರುತ್ತದೆ. ಮಳೆಗಾಲವಿಡೀ ಮುಚ್ಚಿಟ್ಟ ಯಂತ್ರವನ್ನು ಒಣಗಿದ ಕೋಣೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಆಮೇಲೆ ಚಾಲೂ ಮಾಡಿ. ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ಚನ್ನೇ ಆರಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಸಾಲದು, ಪ್ಲಗ್ ಕೀಳಬೇಕು.

ರಿಪೇರಿಗೆ ಒಯ್ಯುವಾಗ

ಚಿಕ್ಕಮಗಳೂರಿಗೋ ಹಾಸನಕ್ಕೋ ಒಯ್ಯುವ ಮೊದಲು ‘ಡಾಸ್ ಬಲ್ಲವರು ಇದ್ದಾರೆಯೇ’ ಎಂದು ಫೋನಿನಲ್ಲೇ ಕೇಳಿ. ಯಂತ್ರದ ಜೊತೆ ಅದರದೇ ಕೀಲಿಮಣೆ, ಬೂಟ್ ಫ್ಲಾಪಿ, ಸಂದೇಶದ ಫೋಟೋ, ಬಯಾಸ್ ಅಂಕಿಗಳ ಫೋಟೋ ಇರಲಿ. ಗಾಡಿಯಲ್ಲಿ ಡಿಸ್ಕಿರುವ ಡಬ್ಬವನ್ನು ಸೀಟಿನ ಮೇಲೆ ಹಾಸಿಗೆ ಹಾಸಿ ಇಡಿ. ಘಟ್ಟದ ಬದಿಯ ರಸ್ತೆಗಳನ್ನು ಡಿಕ್ಕಿಯಲ್ಲಿಟ್ಟ ಹಳೆಯ ಡಿಸ್ಕು ತಾಳುವುದಿಲ್ಲ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: ‘ಫಾರ್ಮ್ಯಾಟ್ ಮಾಡಬಾರದು. ಮೊದಲು ಪಿಎವೈ ಡೈರೆಕ್ಟರಿಯ ನಕಲು ತೆಗೆಯಬೇಕು. ಸಂಶಯ ಬಂದರೆ ಫೋನ್ ಮಾಡಿ.’ ಬಾಯಲ್ಲಿ ಹೇಳಿ ಬಂದರೆ ಸಾಲದು, ಹೇಳಿಸಿಕೊಂಡವರೇ ಬಿಚ್ಚುತ್ತಾರೆ ಎಂಬ ಖಾತರಿ ಇಲ್ಲ.